ಕಲ್ಲುಬಾನಿಯ ಗೊದಮೊಟ್ಟೆಗಳು

ಕಾರಹುಣ್ಣಿಮೆ ಹತ್ತಿರ ಬಂದಾಗ ನಮ್ಮ ಶಾಲೆಯ ಹಿರಿಯ ಬಾಯಿಯವರು ನನ್ನನ್ನು ತಮ್ಮ ಕೋಣೆಗೆ ಕರೆದು, ಮೇಲಿನ ವರ್ಗ ಮುಚ್ಚುವ ಮಾತು ನಡೆದಿದೆ ಎಂದರು. ಅಕ್ಕಲಕೋಟೆ ಆಗ ಸಂಸ್ಥಾನ; ಹೆಣ್ಣುಮಕ್ಕಳ ಶಾಲೆಯ ಖರ್ಚು ದರಬಾರಿನದು. ಅಲ್ಲಿ ಪಾಠ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಕಲಿಸುವವರೆಲ್ಲ ‘ಬಾಯಿ’ಗಳು. ಮೇಲಿನ ವರ್ಗದಲ್ಲಿ ಒಂದು ಜಮಖಾನೆಯ ಮೇಲೆ ಕೂರುವಷ್ಟೇ ಹುಡುಗಿಯರಿದ್ದರು; ಅವರಿಗೆ ನಿಸರ್ಗಪಾಠ ಹೇಳುವವಳು ನಾನು. ಹಿಂದಿನ ವರ್ಷ ಸೊಲ್ಲಾಪುರದಿಂದ ತಪಾಸಣೆಗೆ ಬಂದಿದ್ದ ಬಾಯಿಯವರು ನನ್ನ ಪಾಠ ಕೇಳಿ, ಹುಡುಗಿಯರಿಗೆ ಬಾಯಿಪಾಠ ಚೆನ್ನಾಗಿ ಬಂದಿದೆ, ಆದರೆ ಯಾರೂ ಏನನ್ನೂ ಕಣ್ಣಾರೆ ಕಂಡಿಲ್ಲ, ಇಷ್ಟಕ್ಕೆ ಬೇರೆ ವರ್ಗವೇಕೆ ಎಂದು ದರಬಾರಿಗೆ ಹೇಳಿ ಹೋಗಿದ್ದರು. ಈ ಸಲವೂ ಹಾಗೇ ಹೇಳಿದರೆ ವರ್ಗಕ್ಕೆ ಬೀಗ ಬೀಳುವುದು ಖಂಡಿತವಿತ್ತು.

ಬೀಗ ಬಿದ್ದರೆ ನನ್ನ ನೌಕರಿಗೆ ಏನೂ ಆಗುತ್ತಿರಲಿಲ್ಲ. ಕೆಳಗಿನ ವರ್ಗದ ಮಕ್ಕಳ ಮೂಗು ಒರೆಸಿಕೊಂಡು ಸುಖವಾಗಿರುತ್ತಿದ್ದೆ. ಪೆಟ್ಟು ಬೀಳುವುದು ಹುಡುಗಿಯರಿಗೆ, ಅದರಲ್ಲೂ ಕರಜಗಿಯ ಗೌಡರ ಮಗಳಿಗೆ. ಅವಳು ನಮ್ಮ ಓಣಿಯಲ್ಲೇ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ನಾಲಿಗೆ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಅವಳ ತಂದೆ ನನ್ನೆದುರೇ ಹೇಳಿದ್ದರು: “ಸಾಲಿ ಇರೂತನಕ ಇರ್ಲಿರಿ ಬಾಯಿ, ನಾ ಬ್ಯಾಡ ಅನ್ನಂಗಿಲ್ಲ. ಸಾಲಿ ತೀರಿತಂದ್ರ ಮದಿವಿ. ವರಾ ನೋಡಿಟ್ಟೀವಿ.” ಗೌಡರು ಕೆಟ್ಟವರಲ್ಲ. ಆದರೆ ಕೊಟ್ಟ ಮಾತಿಗೆ ತಪ್ಪುವವರೂ ಅಲ್ಲ, ಅದೇ ನನ್ನ ಚಿಂತೆ.

ಒಂದು ಜೀವ ಬೆಳೆದು ಬದಲಾಗುವುದನ್ನು ತೋರಿಸಬೇಕು ಎಂದು ನಿಶ್ಚಯಿಸಿದೆ. ಹಸಿ ಅರಿವೆಯಲ್ಲಿ ಮೊಳಕೆ ಬರಿಸಿದ ಮಡಿಕೆಕಾಳನ್ನು ತಪಾಸಣೆಯ ಬಾಯಿಯವರು ಊರೂರಲ್ಲಿ ನೋಡಿ ಬೇಸತ್ತಿದ್ದರಂತೆ. ಅಷ್ಟರಲ್ಲಿ ಮೊದಲ ದೊಡ್ಡ ಮಳೆ ಬಿತ್ತು. ಶಾಲೆಯ ಹಿಂದಿನ ತಗ್ಗಿನಲ್ಲಿ ಅರಿಶಿನ ಬಳಿದುಕೊಂಡಂಥ ದೊಡ್ಡ ಕಪ್ಪೆಗಳು ಸೇರಿ, ವರ್ಗದಲ್ಲಿ ನನ್ನ ದನಿಯೇ ಕೇಳದಂತೆ ಒದರತೊಡಗಿದವು. ಪಾಠ ತಾನಾಗಿಯೇ ಬಾಗಿಲಿಗೆ ಬಂದು ಕೂಗುತ್ತಿದೆ ಅನ್ನಿಸಿತು. ಕೆಲವು ದಿನಗಳ ನಂತರ ಹುಡುಗಿಯರನ್ನು ಕರೆದುಕೊಂಡು ಹೋಗಿ, ಆ ತಗ್ಗಿನಿಂದ ಎಳ್ಳಿಗಿಂತ ತುಸು ದಪ್ಪನೆಯ ಗೊದಮೊಟ್ಟೆಗಳನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿಕೊಂಡು ಬಂದೆ.

ಇಡುವುದೆಲ್ಲಿ? ಶಾಲೆಯಲ್ಲಿ ನೀರಿಲ್ಲ. ಶಾಲೆಯ ಜವಾನ, “ನಂದು ಗಂಟಿ ಹೊಡಿಯೂ ನೌಕರಿ ಬಾಯಿ, ಕಪ್ಪಿ ಕಾಯೂದಲ್ಲ” ಎಂದುಬಿಟ್ಟ. ನಮ್ಮ ಮನೆಯ ಅಂಗಳದಲ್ಲಿ ಆಕಳಿಗೆ ನೀರು ಕುಡಿಸುವ ಕಲ್ಲುಬಾನಿಯಿತ್ತು. ಆಕಳು ನಾದಿನಿಯ ಮನೆಗೆ ಹೋದ ಮೇಲೆ ಅದು ಬರಿದಾಗಿತ್ತು. ಗಡಿಗೆಯನ್ನು ಅದರಲ್ಲಿ ಬಗ್ಗಿಸುತ್ತಿರುವಾಗ ಅತ್ತೆಯವರು ತುಳಸಿಕಟ್ಟೆಯ ಹತ್ತಿರದಿಂದ ನೋಡಿದರು.

“ಏನವಾ ಅದು, ಮೀನಾ?”

“ಅಲ್ಲರಿ, ಕಪ್ಪಿ ಮರಿ.”

“ಹಂಗಾರ ಚೊಲೋ ಆತು. ಮೀನಂದ್ರ ಮಂದಿ ಏನರೆ ಅಂತಿದ್ರು.”

ಇಷ್ಟು ಹೇಳಿ ಅವರು ಸೆರಗು ಸಾವರಿಸಿಕೊಂಡು ಒಳಗೆ ಹೋದರು. ನಮ್ಮದು ಮಡಿ-ಮೈಲಿಗೆಯ ಮನೆ. ಅತ್ತೆಯವರು ಬಾನಿಯಿಂದ ಮಾರು ದೂರ ಸುತ್ತಿ ನಡೆಯತೊಡಗಿದರು. ಸಂಸ್ಥಾನದ ದಫ್ತರದಲ್ಲಿ ಕಾರಕೂನರಾಗಿದ್ದ ನನ್ನ ಯಜಮಾನರು ಮಾತ್ರ ಸಂಜೆ ಬಂದವರೇ ಬಾನಿಯಲ್ಲಿ ಇಣುಕಿ, “ಇಷ್ಟೂ ಮಂದಿಗೆ ಹಾಜರಿ ಹ್ಯಾಂಗ ತಗೋತಿ?” ಎಂದು ಕೇಳಿದರು.

ಮೊದಲು ಕಲಿತದ್ದು ಊಟದ ವಿಷಯ. ನಾನು ಬೇಯಿಸಿದ ರಾಜಗಿರಿ ಸೊಪ್ಪು ಹಾಕಿದೆ, ಅನ್ನದ ಅಗುಳು ಹಾಕಿದೆ. ಸ್ವಲ್ಪ ದಿನ ಅದನ್ನೇ ಕೆರೆದವು. ಆಮೇಲೆ ನೋಡಿದರೆ ದಿನದಿನಕ್ಕೆ ಸಂಖ್ಯೆ ಕಡಿಮೆ, ಉಳಿದವು ದಪ್ಪ. ಒಂದು ಬೆಳಗ್ಗೆ ಬಗ್ಗಿ ನೋಡುತ್ತಿದ್ದಂತೆ ನನ್ನ ಕಣ್ಣೆದುರಿಗೇ ಒಂದು ಇನ್ನೊಂದರ ಬಾಲ ಹಿಡಿದು ನುಂಗತೊಡಗಿತು. ಈ ಹಳದಿ ಕಪ್ಪೆಯ ಮರಿಗಳು ಹುಟ್ಟಾ ಮಾಂಸಾಹಾರಿಗಳು ಎನ್ನುವುದು ಸೊಪ್ಪಿನ ಮನೆಯವಳಾದ ನನಗೆ ತಿಳಿದಿರಲಿಲ್ಲ. ತತ್ತಿಯ ಹಳದಿ ಹಾಕೋಣವೆಂದರೆ ನಮ್ಮ ಹೊಸ್ತಿಲೊಳಗೆ ತತ್ತಿಯ ಹೆಸರೆತ್ತುವ ಹಾಗಿಲ್ಲ.

ಉಪಾಯ ಸಿಕ್ಕಿದ್ದು ನಮ್ಮದೇ ಬಚ್ಚಲ ಹಿಂದೆ. ಪಾತ್ರೆ ತೊಳೆದ ನೀರು ನಿಲ್ಲುವ ತಗ್ಗಿನಲ್ಲಿ ಸೊಳ್ಳೆಹುಳಗಳು ಕುಣಿಯುತ್ತಿದ್ದವು. ಹಳೆಯ ಮಲಮಲ್ ಅರಿವೆಯಿಂದ ಸೋಸಿ ಬಾನಿಗೆ ಹಾಕಿದೆ. ಗೊದಮೊಟ್ಟೆಗಳು ಮದುವೆ ಪಂಕ್ತಿಗೆ ಬಿದ್ದವರಂತೆ ಮುಗಿಬಿದ್ದವು. ಹುಡುಗಿಯರು ಓಣಿಯ ತಗ್ಗುಗಳನ್ನೆಲ್ಲ ಸೋಸತೊಡಗಿದರು. ಒಂದನ್ನೊಂದು ತಿನ್ನುವುದು ಬಹುಮಟ್ಟಿಗೆ ನಿಂತಿತು, ಓಣಿಯಲ್ಲಿ ಸೊಳ್ಳೆಯೂ ಕಡಿಮೆಯಾಯಿತು. ಅತ್ತೆಯವರು ಒಂದು ಸಂಜೆ ತುಳಸಿಕಟ್ಟೆಯ ಮೇಲೆ ಕೂತು, “ಇವತ್ತ ಕಾಲ ಕಡೀಲೇ ಇಲ್ಲ ನೋಡು” ಎಂದರು. ಅದು ಅವರು ಕೊಟ್ಟ ಮೊದಲ ಶಹಬ್ಬಾಸ್. ಮರುದಿನದಿಂದ ಬಾನಿಯ ಪಕ್ಕದಲ್ಲೇ ನಡೆದು ಹೋಗತೊಡಗಿದರು.

ಎರಡನೆಯ ಪೆಟ್ಟು ಮಣ್ಣೆತ್ತಿನ ಅಮಾವಾಸ್ಯೆಗೆ ಬಿತ್ತು. ಬಾನಿಯ ನೀರು ನಾರುತ್ತಿತ್ತು, ಬದಲಿಸಬೇಕಿತ್ತು. ಹಬ್ಬಕ್ಕೆಂದು ಹಿಂದಿನ ದಿನವೇ ಅತ್ತೆಯವರ ತವರಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಂಗಾರದಂತೆ ಹೊಳೆಯಿಸಿ, ಮಡಿನೀರು ತುಂಬಿಟ್ಟಿದ್ದೆವು. ನಮ್ಮ ಸೀಮೆಯಲ್ಲಿ ತಾಮ್ರದಲ್ಲಿ ರಾತ್ರಿ ಕಳೆದ ನೀರಿಗಿಂತ ಒಳ್ಳೆಯ ನೀರಿಲ್ಲ. ಬಂದ ಬೀಗರಿಗೆ ಕೊಡುವುದು ಅದೇ, ಬೇನೆ ಬಿದ್ದವರಿಗೆ ಕೊಡುವುದೂ ಅದೇ. ತಪಾಸಣೆಗೆ ತಯಾರಾಗುವ ಮಕ್ಕಳಿಗೆ ಒಳ್ಳೆಯದನ್ನೇ ಕೊಡೋಣವೆಂದು ಅತ್ತೆಯವರನ್ನು ಕೇಳಿ ಎರಡು ಕೊಡ ಬಾನಿಗೆ ಸುರಿದೆ. ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಬಹಳ ಸಂಕಟವಾಯಿತು. ಬದುಕಿದ್ದವನ್ನು ಗಡಿಗೆಯಲ್ಲಿ ತಂದ ತಗ್ಗಿನ ನೀರಿಗೆ ಹಾಕಿ, ಎರಡು ಮಣ್ಣಿನ ಕುಡಿಕೆ ತಂದೆ. ಒಂದರಲ್ಲಿ ಹಂಡೆಯ ನೀರು, ಇನ್ನೊಂದರಲ್ಲಿ ಅದೇ ಬಾವಿಯಿಂದ ಆಗ ತಾನೇ ಸೇದಿದ ನೀರು. ಒಂದೊಂದರಲ್ಲಿ ಒಂದೊಂದು ಮರಿ. ಹಂಡೆಯ ನೀರಿನದು ಮರುದಿನ ಮಧ್ಯಾಹ್ನದೊಳಗೆ ಅಡ್ಡ ಬಿತ್ತು. ಬಾವಿಯ ನೀರಿನದು ಕುಣಿಯುತ್ತಿತ್ತು. ಬಾನಿ ತೊಳೆದು ಬಾವಿಯ ನೀರು ತುಂಬಿ, ಉಳಿದವನ್ನು ಮತ್ತೆ ಅದರಲ್ಲೇ ಬಿಟ್ಟೆ. ಹುಳಿ ಹಾಕಿ ತಿಕ್ಕಿದ ತಾಮ್ರ ನೀರಿಗೆ ಬಿಟ್ಟದ್ದು ನಮಗೆ ಅಮೃತ, ಅವಕ್ಕೆ ವಿಷ. ಇದನ್ನು ಅತ್ತೆಯವರಿಗೆ ಹೇಳುವುದು ಕುಡಿಕೆಯ ಪರೀಕ್ಷೆಗಿಂತ ಕಠಿಣವಾಯಿತು.

“ನಮ್ಮ ಅವ್ವನ ಹಂಡೇದಾಗ ವಿಷ ಅದ ಅಂತೀಯೇನ? ನಿನ್ನ ಗಂಡ ಅದs ನೀರ ಕುಡದು ಕಾರಕೂನ ಆಗ್ಯಾನ.”

“ಅವರು ಕಪ್ಪಿ ಅಲ್ಲಲ್ಲರಿ” ಎಂದೆ.

ಜಗಲಿಯ ಮೇಲಿದ್ದ ಯಜಮಾನರು, “ಉಪಕಾರ ಆತು” ಎಂದರು. ಅತ್ತೆಯವರಿಗೂ ನಗು ತಡೆಯಲಾಗಲಿಲ್ಲ. ಆದರೆ ಆ ದಿನದಿಂದ ಸತ್ತ ಮರಿಗಳ ಋಣ ತಮ್ಮ ಹಂಡೆಯ ಮೇಲಿದೆ ಎಂದುಕೊಂಡರೋ ಏನೋ, ಬಾನಿಯನ್ನು ಸ್ವತಃ ನೋಡಿಕೊಳ್ಳತೊಡಗಿದರು. ನಮ್ಮ ಕಡೆಯ ಹಿರಿಯರಿಗೆ ಒಂದು ರೂಢಿಯಿದೆ. ನೀರಿನ ಪಾತ್ರೆ ತುಸು ಇಳಿದದ್ದು ಕಂಡರೆ ಕೈ ತಾನಾಗಿ ಚೆಂಬಿನ ಕಡೆಗೆ ಹೋಗುತ್ತದೆ. ಹಕ್ಕಿಗಿಟ್ಟ ಬೋಗುಣಿಯಾಗಲಿ, ಬೀದಿನಾಯಿಯ ಪರಟೆಯಾಗಲಿ, ಅರೆಖಾಲಿ ಇರಬಾರದು. ನೀರು ಕಡಿಮೆಯ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಧರ್ಮವಿಲ್ಲ. ಅತ್ತೆಯವರು ದಿನಕ್ಕೆಷ್ಟೋ ಸಲ ಬಾವಿಯ ತಣ್ಣೀರನ್ನು ಬಾನಿಗೆ ಹಾಕಿ ಅಂಚಿನವರೆಗೆ ತುಂಬಿಡುತ್ತಿದ್ದರು. ಬಿಸಿಲು ತಾಗಬಾರದೆಂದು ಯಜಮಾನರ ಹಳೆಯ ಧೋತರ ಹೊದಿಸುತ್ತಿದ್ದರು. ನನಗೂ ಅದು ಒಳ್ಳೆಯ ಆರೈಕೆಯೆಂದೇ ತೋರಿತು.

ಮರಿಗಳು ಬೆಳೆದವು, ಕೊಬ್ಬಿದವು, ಹೆಬ್ಬೆರಳ ಗಾತ್ರವಾದವು. ಬಾಲದ ಬುಡದಲ್ಲಿ ಹಿಂಗಾಲಿನ ಮೊಳಕೆ ಕಾಣಿಸಿತು. ಕಾಣಿಸಿದ್ದು ಹಾಗೇ ನಿಂತಿತು. ಆಷಾಢ ಕಳೆಯಿತು, ಶ್ರಾವಣ ಬಂತು, ಮೊಳಕೆ ಮೊಳಕೆಯಾಗಿಯೇ ಉಳಿಯಿತು. ತಪಾಸಣೆ ನೂಲಹುಣ್ಣಿಮೆಗೆ ಎಂದು ಸುದ್ದಿ ಬಂದಿತ್ತು. ಕರಜಗಿಯ ಹುಡುಗಿ ದಿನಾ ಶಾಲೆಗೆ ಹೋಗುವ ಮುಂಚೆ ಬಂದು ಬಾನಿಯಲ್ಲಿ ಇಣುಕಿ, “ಇವಕ್ಕ ಕಾಲ ಬರ್ತಾವೇನ್ರಿ ಬಾಯಿ, ಇಲ್ಲಾ ನನ್ನ ಕಾಲಿಗೆ ಕಾಲುಂಗುರ ಬರ್ತಾವು?” ಎನ್ನುತ್ತಿದ್ದಳು. ನಗುತ್ತಲೇ ಕೇಳುತ್ತಿದ್ದಳು, ಆದರೆ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಪಂಚಮಿಗೆ ಅಣ್ಣ ಕರೆಯಲು ಬಂದ. ತವರು ಸೊಲ್ಲಾಪುರ, ಅಣ್ಣ ಅಲ್ಲಿ ಗಿರಣಿಯ ಕಚೇರಿಯಲ್ಲಿದ್ದ. ಗೊದಮೊಟ್ಟೆ ಬಿಟ್ಟು ಬರಲಾರೆ ಎಂದರೆ ಹೆಣ್ಣುಮಗಳಿಗೆ ತಲೆ ಕೆಟ್ಟಿದೆ ಎಂದಾರು, ಅದೂ ಅಲ್ಲದೆ ತೋರಿಸಲು ಗಾಜಿನ ಭರಣಿ ಬೇಕಿತ್ತು. ಹೋದೆ. ಜೋಕಾಲಿ ಆಡಿದೆ, ಉಂಡಿ ತಿಂದೆ, ಗಿರಣಿಯ ಭೋಂಗಾ ಕೂಗಿದಾಗಲೆಲ್ಲ ಬಾನಿಯ ನೆನಪಾಗಿ ಎದ್ದು ಕೂತೆ. ಅಣ್ಣ ಪೇಟೆಯ ಮಿಠಾಯಿ ಅಂಗಡಿಯಿಂದ ಎರಡು ಭರಣಿ ಕೊಡಿಸಿದ.

ಮರಳುವಾಗ ಅಕ್ಕಲಕೋಟೆಯ ಮೋಟಾರು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಗಂಡಸರು ಇಳಿದು ಮೋಟಾರಿಗೆ ಬುದ್ಧಿ ಹೇಳತೊಡಗಿದರು. ನಾನು ಭರಣಿ ಮಡಿಲಲ್ಲಿಟ್ಟುಕೊಂಡು ರಸ್ತೆಯ ಪಕ್ಕದ ತಗ್ಗಿನ ಬಳಿ ಕೂತೆ. ವಾರದಿಂದ ಮಳೆಯಿರಲಿಲ್ಲ. ತಗ್ಗು ಬತ್ತಿ, ಹಿಟ್ಟು ನಾದುವ ಒಂದು ಪರಾತದಷ್ಟು ಬೆಚ್ಚನೆಯ ಕೆಸರುನೀರು ಉಳಿದಿತ್ತು. ಅದರ ತುಂಬ ಗೊದಮೊಟ್ಟೆಗಳು, ನಮ್ಮವಕ್ಕಿಂತ ಸಣ್ಣವು, ಬಡಕಲು. ಆದರೆ ಎಲ್ಲಕ್ಕೂ ಹಿಂಗಾಲು ಪೂರ್ತಿ ಬಂದಿತ್ತು, ಕೆಲವಕ್ಕೆ ನಾಲ್ಕೂ. ಅಂಚಿನ ಹುಲ್ಲಲ್ಲಿ ತುಂಡುಬಾಲದ ಕಪ್ಪೆಮರಿಗಳು ನನ್ನ ಸೀರೆಯ ನೆರಿಗೆಯ ಮೇಲೆ ಜಿಗಿಯುತ್ತಿದ್ದವು. ನೀರು ತೀರುತ್ತಿದೆ ಎಂದು ತಿಳಿದು ಅವು ಅವಸರ ಮಾಡಿದ್ದವು. ನಮ್ಮವಕ್ಕೆ ನೀರು ಎಂದೂ ತೀರಿರಲಿಲ್ಲ. ಅಂಚಿನವರೆಗೆ ತುಂಬಿದ ತಣ್ಣೀರು, ನೆರಳು, ಬೇಕಾದಷ್ಟು ಊಟ. ಅಂಥ ತವರು ಬಿಟ್ಟು ಯಾರು ಹೊರಡುತ್ತಾರೆ?

ಮನೆ ಮುಟ್ಟಿದವಳೇ ಧೋತರ ತೆಗೆದು, ಬಾನಿಯಿಂದ ಕೊಡಗಟ್ಟಲೆ ನೀರು ಎತ್ತಿ ಗಿಡಗಳಿಗೆ ಸುರಿಯತೊಡಗಿದೆ. ಅತ್ತೆಯವರು ಒಳಗಿಂದ ಓಡಿ ಬಂದರು.

“ಏನ ಮಾಡಾಕತ್ತೀ? ಜೀವ ಇದ್ದದ್ದರ ಮುಂದಿನ ನೀರ ಕಸಗೋತಾರೇನ?”

“ನೀರ ಇಳದರs ಅವಕ್ಕ ಕಾಲ ಬರ್ತಾವ್ರಿ. ದಾರಿಯೊಳಗ ನೋಡಿ ಬಂದೀನಿ.”

“ಬರಲಿಲ್ಲಂದ್ರ? ಸತ್ತರ?”

ನಾನು ಮತ್ತೊಂದು ಕೊಡ ಎತ್ತಿದೆ. ಬಾನಿಯ ಪಕ್ಕ ನಿಂತು ನೀರು ಚೆಲ್ಲುವವಳನ್ನು ಓಣಿಯ ಹೆಂಗಸರೂ ಬಂದು ನೋಡಿದರು. ಯಜಮಾನರು ಮಾತ್ರ, “ಆಕಿ ಸಾಲಿ, ಆಕಿ ಕಪ್ಪಿ” ಎಂದು ನನ್ನ ಪಕ್ಷ ಹಿಡಿದರು. ಗೇಣಿಗಿಂತ ಕಡಿಮೆ ನೀರು ಉಳಿಸಿ, ಬಾನಿಗೆ ಬೆಳಗಿನ ಬಿಸಿಲು ಬೀಳುವಂತೆ ಮಾಡಿದೆ. ದಿನಕ್ಕೊಂದಿಷ್ಟು ಇಳಿಸುತ್ತ ಹೋದೆ. ಅತ್ತೆಯವರು ನನ್ನೊಡನೆ ಮಾತು ಬಿಟ್ಟರು. ಅನ್ನ ಬಡಿಸುವಾಗ ಮಾತ್ರ ಸ್ವಲ್ಪ ಜೋರಾಗಿ ಬಡಿಸುತ್ತಿದ್ದರು.

ಹಿಂಗಾಲು ಉದ್ದವಾದವು, ತೊಡೆ ಮೂಡಿತು, ಬೆರಳು ಬಿಡಿಬಿಡಿಯಾದವು. ಒಂದು ಬೆಳಗ್ಗೆ ಒಂದರ ಮೈಯ ಪಕ್ಕದಿಂದ ಮೊಣಕೈ ಹೊರಗೆ ಚುಚ್ಚಿಕೊಂಡಿತ್ತು, ಕುಪ್ಪಸ ತೊಡುವಾಗ ತೋಳು ಸಿಕ್ಕಿಕೊಂಡವರಂತೆ. ಸಂಜೆಯೊಳಗೆ ಎರಡೂ ಮುಂಗಾಲು ಹೊರಬಂದವು. ಖುಷಿಯಿಂದ ಹುಡುಗಿಯರನ್ನು ಕರೆತಂದು ತೋರಿಸಿದೆ. ಮರುದಿನ ಅದು ನೀರಿನಲ್ಲಿ ಸತ್ತು ಬಿದ್ದಿತ್ತು. ನಾಲ್ಕು ಕಾಲು ಬಂದ ಮೇಲೆ ಅದು ಮೀನಲ್ಲ, ಗಾಳಿ ಕುಡಿಯುವ ಪ್ರಾಣಿ. ಹತ್ತಲು ದಡವಿಲ್ಲದೆ ನೀರಲ್ಲೇ ಮುಳುಗಿತ್ತು. ತಕ್ಷಣ ಮನೆಯ ಒಡೆದ ಹಂಚುಗಳನ್ನು ಬಾನಿಯೊಳಗೆ ಓರೆಯಾಗಿ ಇಟ್ಟು, ಮೇಲೆ ಹಸಿ ಪಾಚಿ ಹಾಸಿದೆ. ಮುಂದಿನವು ಒಂದೊಂದಾಗಿ ಹಂಚು ಹತ್ತಿ ಕೂತವು. ಆ ದಿನಗಳಲ್ಲಿ ಅವು ಏನೂ ತಿನ್ನುವುದಿಲ್ಲ. ಬಾಯಿ ಅಗಲವಾಗುತ್ತ, ಬಾಲ ದಿನದಿನಕ್ಕೆ ಮೈಯೊಳಗೇ ಕರಗುತ್ತದೆ. ತಮ್ಮ ಬಾಲವೇ ತಮಗೆ ಬುತ್ತಿ. ಬಾಲ ಮುಗಿದ ಮೇಲೆ ಗೆದ್ದಲು, ಸಣ್ಣ ನೊಣ, ಏನು ಕುಣಿದರೂ ಹಾರಿ ಹಿಡಿಯುತ್ತಿದ್ದವು.

ಇದೇ ಗದ್ದಲದಲ್ಲಿ ಒಂದು ದಿನ ತುಳಸಿಕಟ್ಟೆಯ ಹಿಂದೆ, ಅತ್ತೆಯವರ ಕಲ್ಲುಮರಿಗೆ ಕಣ್ಣಿಗೆ ಬಿತ್ತು. ಉಪ್ಪಿನಕಾಯಿ ಹಾಕುವ ಅಗಲವಾದ ಕಲ್ಲಿನ ಪಾತ್ರೆ ಅದು. ಅಂಚಿನವರೆಗೆ ತಣ್ಣೀರು, ಮೇಲೆ ಬಾಳೆಎಲೆಯ ನೆರಳು, ಒಳಗೆ ರಾಜಗಿರಿ ಸೊಪ್ಪಿನ ಒಂದು ಎಸಳು ಮತ್ತು ಒಂದು ಗೊದಮೊಟ್ಟೆ. ನಾನು ನೀರು ಚೆಲ್ಲಿದ ದಿನವೇ ಅತ್ತೆಯವರು ಒಂದನ್ನು ತೆಗೆದು ಬಚ್ಚಿಟ್ಟಿದ್ದರು. ಸೊಳ್ಳೆಹುಳ ಹಾಕದೆ, ನಮ್ಮ ಮನೆಯ ಪದ್ಧತಿಯಂತೆ ಶಾಕಾಹಾರದಲ್ಲೇ ಬೆಳೆಸುತ್ತಿದ್ದರು. ಅದಕ್ಕೆ ಮೊಳಕೆಗಾಲಿಗಿಂತ ಹೆಚ್ಚೇನೂ ಬಂದಿರಲಿಲ್ಲ. ನಾನು ನೋಡಿದ್ದನ್ನು ಬಾಗಿಲಲ್ಲಿದ್ದ ಅತ್ತೆಯವರು ನೋಡಿದರು. ಕರಜಗಿಯ ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು, ಬಾಯಿಗೆ ಕೈ ಹಿಡಿದು ನಗುತ್ತಿದ್ದಳು. ಒಂದು ಗೊದಮೊಟ್ಟೆಗಾಗಿ ಮನೆಯಲ್ಲಿ ಯುದ್ಧ ಬೇಡವೆಂದು ನಾನು ಎಲೆಯನ್ನು ಮೊದಲಿದ್ದಂತೆ ಸರಿಸಿಟ್ಟೆ. ಅಂದು ರಾತ್ರಿ ಅನ್ನ ಮೆತ್ತಗೆ ತಟ್ಟೆಗೆ ಬಿತ್ತು.

ನೂಲಹುಣ್ಣಿಮೆಯ ಹೊತ್ತಿಗೆ ನಮ್ಮ ಬಾನಿ ಒಂದು ಪೂರ್ಣ ಪಾಠವಾಗಿತ್ತು: ಎರಡು ಕಾಲಿನವು, ನಾಲ್ಕು ಕಾಲಿನವು, ಉದ್ದ ಬಾಲದವು, ತುಂಡು ಬಾಲದವು. ಭರಣಿಗಳನ್ನು ತೊಳೆದು ಹೊಳೆಯಿಸಿದೆ. ಹುಡುಗಿಯರು ಹೊಸ ಸೀರೆ ಉಟ್ಟು ಬಂದರು. ಆಗ ಮಳೆ ಹಿಡಿಯಿತು. ಹಳ್ಳ ಬಂದು ಮೋಟಾರು ನಿಂತಿತು, ತಪಾಸಣೆ ಶ್ರಾವಣದ ಕೊನೆಗೆ ಬರುವ ಎತ್ತಿನ ಹಬ್ಬ ಪೋಳಾದ ಹತ್ತಿರಕ್ಕೆ ಮುಂದೆ ಹೋಯಿತು. ಮೊದಲು ಕಾಲು ಬರಲಿ ಎಂದು ಹರಕೆ ಹೊತ್ತವಳು ಈಗ ಸ್ವಲ್ಪ ತಡೆಯಿರಪ್ಪ ಎಂದು ಬೇಡಿಕೊಳ್ಳಬೇಕಾಯಿತು. ಅವು ತಡೆಯಲಿಲ್ಲ. ಬಾಲಗಳೆಲ್ಲ ಕರಗಿದವು. ಮೇಲೆ ಅರಿವೆ ಕಟ್ಟಿದರೂ ಸಂದಿ ಹುಡುಕಿ ಜಿಗಿದು ಹೋದವು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಎಂದು ಅಲ್ಲಿಯತನಕ ಗಾದೆ ಕೇಳಿದ್ದೆ, ಆ ವಾರ ಅನುಭವಿಸಿದೆ. ಕೊನೆಗೆ ಒಂದು ಭರಣಿಗಾಗುವಷ್ಟು ಮರಿಕಪ್ಪೆಗಳು ಉಳಿದವು.

ತಪಾಸಣೆಯ ಬಾಯಿಯವರು ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಸಮಾಧಾನದ ಮುಖ. ಹುಡುಗಿಯರು ತತ್ತಿಯಿಂದ ಕಪ್ಪೆಯವರೆಗೆ ಒಂದೂ ತಪ್ಪದೆ ಹೇಳಿದರು. ಅವರು ಕೇಳಿದರು, ಭರಣಿಯನ್ನು ಬೆಳಕಿಗೆ ಹಿಡಿದು ನೋಡಿದರು, ಕೆಳಗಿಟ್ಟರು.

“ಅಸಲೇ ಬೇಡೂಕ ಕುಠೇಹೀ ಮಿಳತಾತ, ಬಾಯಿ” ಎಂದರು. ಇಂಥ ಕಪ್ಪೆಗಳು ಎಲ್ಲಿ ಬೇಕಾದರೂ ಸಿಗುತ್ತವಲ್ಲ ಎಂದು. ಆಮೇಲೆ ಮೆಲ್ಲಗೆ ಸೇರಿಸಿದರು: ನೀವು ಸುಳ್ಳು ಹೇಳುತ್ತೀರೆಂದು ನಾನು ಹೇಳುವುದಿಲ್ಲ. ಆದರೆ ನಾನು ಕಂಡದ್ದು ಕಪ್ಪೆಯನ್ನು, ಕೇಳಿದ್ದು ಬಾಯಿಪಾಠವನ್ನು. ಹೋದ ವರ್ಷಕ್ಕಿಂತ ಹೆಚ್ಚಿಗೆ ಏನನ್ನು ಕಂಡೆ ಎಂದು ದರಬಾರಿಗೆ ತಿಳಿಸಲಿ?

ಅವರ ಮಾತು ನ್ಯಾಯವಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಭರಣಿಯ ಬಾಯಿಗೆ ಮತ್ತೆ ಅರಿವೆ ಕಟ್ಟತೊಡಗಿದೆ. ಆಗ ಕರಜಗಿಯ ಹುಡುಗಿ ಎದ್ದು ನಿಂತಳು.

“ಬಾಯಿ, ಅಜ್ಜಿ ಹಂತೇಕ ಒಂದ ಐತಲ್ಲರಿ” ಎಂದವಳೇ ನನ್ನ ಉತ್ತರಕ್ಕೂ ಕಾಯದೆ ಓಡಿದಳು.

ಅವಳು ಒಬ್ಬಳೇ ಬರಲಿಲ್ಲ. ಹಿಂದೆ ಅತ್ತೆಯವರು, ಕಲ್ಲುಮರಿಗೆಯನ್ನು ಸೆರಗಿನಿಂದ ಮುಚ್ಚಿ ಸೊಂಟಕ್ಕಾನಿಸಿಕೊಂಡು, ಒಂದು ಹನಿಯೂ ತುಳುಕದಂತೆ ಹೆಜ್ಜೆ ಹಾಕುತ್ತ ಬಂದರು. ಮರಿಗೆಯನ್ನು ಹುಡುಗಿಯ ಕೈಗೆ ಕೊಡಲು ಒಪ್ಪಿರಲಿಲ್ಲವಂತೆ. ಶಾಲೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಆ ಕಟ್ಟಡದೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಮೇಜಿನ ಮೇಲೆ ಭರಣಿಯ ಪಕ್ಕದಲ್ಲಿ ಮರಿಗೆ ಇಟ್ಟು ಎಲೆ ತೆಗೆದರು.

“ಹೇ ಕುಣಾಚಂ?” ಇದು ಯಾರದು ಎಂದು ತಪಾಸಣೆಯ ಬಾಯಿಯವರು ಕೇಳಿದರು.

“ಮಾಝಂ” ಎಂದರು ಅತ್ತೆಯವರು, ನನ್ನದು ಎಂದು, ತಲೆಯೆತ್ತಿ. ಆಮೇಲೆ ಮರಾಠಿ ಸಾಲದೆ ಕನ್ನಡಕ್ಕೆ ಬಂದರು. “ಸೊಸಿ ನೀರ ತಗದಳು. ನನ್ನ ಕರಳ ಚುರ್ ಅಂತು. ಒಂದನ್ನರೆ ಉಳಸೋಣಂತ ತಂದಿಟ್ಕೊಂಡೆ. ಒಂದ ದಿನಾ ನೀರ ಇಳೀಲಿಕ್ಕೆ ಬಿಟ್ಟಿಲ್ಲ. ಅವೆಲ್ಲಾ ಜಿಗದ ಹೋದವು. ಇದು ಹಿಂಗs ಕೂತದ ನೋಡ್ರಿ.”

ಹುಡುಗಿ ಅದನ್ನು ಮರಾಠಿಗೆ ತಿರುಗಿಸಿದಳು. ತಿರುಗಿಸುತ್ತ ನಿಲ್ಲದೆ ತಾನೇ ಮುಂದುವರಿದಳು. ಎರಡೂ ಒಂದೇ ಮಳೆಯಲ್ಲಿ ಹುಟ್ಟಿದವು, ಒಂದೇ ಬಾನಿಯಲ್ಲಿ ಬೆಳೆದವು. ಒಂದರ ನೀರು ಇಳಿಸಿದೆವು, ಬಿಸಿಲು ಕೊಟ್ಟೆವು, ಹುಳ ತಿನ್ನಿಸಿದೆವು. ಇನ್ನೊಂದಕ್ಕೆ ನೀರು ತುಂಬಿಟ್ಟೆವು, ಸೊಪ್ಪು ಕೊಟ್ಟೆವು. ಇದಕ್ಕೆ ಬಂದದ್ದು ಮೊಳಕೆಗಾಲು, ಅದರಿಂದ ಹೋದದ್ದು ಬಾಲ. ಮರಿಗೆಯೊಳಗೆ ಬೆರಳಿಟ್ಟು ಮೊಳಕೆಗಾಲು ತೋರಿಸಿದಳು, ಭರಣಿಗೆ ಬೆರಳಿಟ್ಟು ತೊಡೆ ತೋರಿಸಿದಳು. ಅದರಲ್ಲಿ ನಾನು ಹೇಳಿಕೊಟ್ಟ ಬಾಯಿಪಾಠ ಒಂದು ಮಾತೂ ಇರಲಿಲ್ಲ. ತಾಮ್ರದ ಹಂಡೆಯ ಕತೆ ಹೇಳಲು ಹೊರಟಾಗ ಅತ್ತೆಯವರು ಕಣ್ಣು ದೊಡ್ಡದು ಮಾಡಿದರು. ಹುಡುಗಿ ಅದನ್ನು ನುಂಗಿಕೊಂಡಳು.

ತಪಾಸಣೆಯ ಬಾಯಿಯವರು ಕನ್ನಡಕ ತೆಗೆದು ಮರಿಗೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಹೊರಡುವ ಮುಂಚೆ ಹಿರಿಯ ಬಾಯಿಯವರಿಗೆ, ಈ ವರ್ಗ ನಡೆಯಲಿ ಎಂದರು. ನಾನು ಜಮಖಾನೆಯ ಮೇಲೆ ಹುಡುಗಿಯರ ನಡುವೆ ಕೂತುಬಿಟ್ಟೆ.

ಪೋಳಾ ಮುಗಿದ ಮೇಲಿನ ಸಂತೆಗೆ ಗೌಡರು ಬಂದವರು ನಮ್ಮ ಮನೆಗೂ ಬಂದರು. ಶಾಲೆ ಮುಚ್ಚಲಿಲ್ಲವೆಂಬ ಸುದ್ದಿ ಅವರಿಗೆ ಮುಟ್ಟಿತ್ತು. ಕಟ್ಟೆಯ ಮೇಲೆ ಕೂತು, ರುಮಾಲು ತೆಗೆದು, ಗಂಟಲು ಸರಿಮಾಡಿಕೊಂಡರು.

“ಮಾತಂದ್ರ ಮಾತು, ಕಳಸ್ತೀನ್ರಿ. ಆದ್ರ ವರದವರು ಅವಸರಾ ಮಾಡಾಕತ್ಯಾರ. ಹುಡುಗಿ ದೊಡ್ಡಾಕಿ ಆಗ್ಯಾಳ ಅಂತಾರ. ಏನ ಮಾಡೂದ್ರಿ?”

ನಾನು ಏನಾದರೂ ಹೇಳುವ ಮೊದಲೇ ತುಳಸಿಕಟ್ಟೆಯ ಕಡೆಯಿಂದ ಅತ್ತೆಯವರ ದನಿ ಬಂತು. ಅವರು ಕೈಯಲ್ಲಿ ಚೆಂಬು ಹಿಡಿದು ಮರಿಗೆಯ ಮುಂದೆ ಕೂತಿದ್ದರು.

“ಗೌಡ್ರ, ನಾ ಈ ಮನಿಗೆ ಬಂದಾಗ ಎಂಟ ವರ್ಷದಾಕಿ. ನಮ್ಮವ್ವನ ಹಂಡಿ ನನಗಿಂತಾ ಎತ್ತರಿತ್ತು. ನಾ ಭಾಳ ಲಗೂ ದೊಡ್ಡಾಕಿ ಆದೆ, ಯಾಕಂದ್ರ ಯಾರೂ ನನಗ ಸಣ್ಣಾಕಿ ಅನಲಿಲ್ಲ. ಇಲ್ಲೆ ಬಂದ ಇದನ್ನ ನೋಡ್ರಿ. ನೀರ ಇದ್ದರ ಸಾವಕಾಶ ಬೆಳೀತದ. ಸಾಯೂದಿಲ್ಲ. ಕಾಲ ಎಲ್ಲಿಗೂ ಓಡಿ ಹೋಗೂದಿಲ್ಲ, ಬಂದs ಬರ್ತಾವ.”

ಗೌಡರು ಎದ್ದು ಹೋಗಿ ಮರಿಗೆಯಲ್ಲಿ ನೋಡಿದರು. ಅವರಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳ ಮುಖವನ್ನೊಮ್ಮೆ, ಮರಿಗೆಯನ್ನೊಮ್ಮೆ ನೋಡಿ, “ಎಷ್ಟ ದಿನಾ ಹಾಕಬೇಕ್ರಿ ಅಮ್ಮಾರ, ನೀರು?” ಎಂದು ಕೇಳಿದರು.

“ಅದಕ್ಕ ಸಾಕಂತ ಅನಸೂತನಕ” ಎಂದು ಅತ್ತೆಯವರು ಚೆಂಬು ಬಗ್ಗಿಸಿ ಮರಿಗೆಯನ್ನು ಅಂಚಿನವರೆಗೆ ತುಂಬಿಸಿದರು.